ಮುಳಬಾಗಿಲ ಬಾಡಿಗೆ ಮೋಟಾರಿನ ಎಡಗಡೆಯ ಹಿಂಬಾಗಿಲಿಗೆ

ತಾಯಲೂರು,
ಬಹುಧಾನ್ಯ ಸಂವತ್ಸರದ ಆಷಾಢ

ಮಾನ್ಯರೇ,

ಮುಳಬಾಗಿಲ ಪೇಟೆಯ ಹುಣಿಸೆಮರದ ನೆರಳಿನಲ್ಲಿ ನಿಂತು ಹೋಗಿಬರುವವರಿಗೆಲ್ಲ ದರ್ಶನ ಕೊಡುತ್ತಿರುವ ತಮ್ಮ ಸನ್ನಿಧಾನಕ್ಕೂ, ತಮ್ಮ ಗಾಜಿಗೂ, ಚಿಲಕಕ್ಕೂ, ಕೀಲುಗಳೆರಡಕ್ಕೂ ತಾಯಲೂರು ಹೋಬಳಿಯ ನಿವೃತ್ತ ಶೇಕ್ದಾರ ವೆಂಕಟರಾಯಪ್ಪನು ಪೇಟ ತೆಗೆದು ಮಾಡುವ ನಮಸ್ಕಾರಗಳು. ತಮ್ಮ ಕ್ಷೇಮವನ್ನು ನಾನು ವಿಚಾರಿಸಬೇಕಾಗಿಯೇ ಇಲ್ಲ, ತಾವು ಈಗ ಒಂದೇ ಬೆರಳಿಗೆ ತೆರೆದುಕೊಳ್ಳುತ್ತೀರೆಂದು ಊರೆಲ್ಲ ಹಾಡಿ ಹೊಗಳುತ್ತಿದೆ. ಬಾಗಿಲು ಸಿಕ್ಕಿಕೊಂಡಿತೆಂದು ದೂರು ಹೇಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ರಿಪೇರಿಯಾಯಿತೆಂದು ದೂರು ಹೇಳುವವನು ಬಹುಶಃ ನಾನೊಬ್ಬನೇ.

ನಮ್ಮ ಕಡೆಯ ಮದುವೆಗಳ ಒಂದು ಪದ್ಧತಿ ತಮಗೆ ಗೊತ್ತಿರಲಾರದು. ಗಂಡಿನ ಕಡೆಯ ಹಿರಿಯರು ಬಂದ ಗಾಡಿಯಿಂದ ಇಳಿಯದೆ ಮುಖ ಊದಿಸಿಕೊಂಡು ಕೂರುತ್ತಾರೆ. ಹೆಣ್ಣಿನ ತಂದೆ ಕೈಮುಗಿದು, ಹಸು ಕೊಡುತ್ತೇನೆ, ಉಂಗುರ ಕೊಡುತ್ತೇನೆ ಎನ್ನುವವರೆಗೆ ಕದಲುವುದಿಲ್ಲ. ಇದಕ್ಕೆ ಅಲಕ ಎಂದು ತೆಲುಗಿನ ಹೆಸರು. ನಾನು ಈ ಅಲಕದ ಕಡು ವೈರಿ. ಶೇಕ್ದಾರಿಕೆಯ ಕಾಲದಲ್ಲಿ ಯಾರ ಮನೆಯ ಮದುವೆಗೆ ಹೋದರೂ, ಊಟದ ಎಲೆ ಹಾಸುವುದಕ್ಕೆ ಮುಂಚೆ, ಇಂಥ ಮುನಿಸು ಭಿಕ್ಷೆಗಿಂತ ಕೀಳೆಂದು ಭಾಷಣ ಮಾಡಿ ಎಷ್ಟೋ ಜನರ ಹಸಿವನ್ನು ಹೆಚ್ಚಿಸಿದವನು ನಾನು. ದೇವರಾಯಸಮುದ್ರದ ಮುನಿಕೃಷ್ಣಪ್ಪನವರು ತಮ್ಮ ಒಬ್ಬಳೇ ಮಗಳು ಶಾಮಲಮ್ಮನನ್ನು ನನ್ನ ಮಗನಿಗೆ ಕೊಡಲು ಒಪ್ಪಿದ್ದೂ ಈ ಭಾಷಣವನ್ನು ನಂಬಿಯೇ. ಆದ್ದರಿಂದ ಆ ದಿನ ತಾವು ಮುಚ್ಚಿ ಹಿಡಿದದ್ದು ಬರಿಯ ಒಬ್ಬ ಮುದುಕನನ್ನಲ್ಲ, ಅವನ ಮಾತನ್ನು ಎಂಬುದನ್ನು ವಿನಯಪೂರ್ವಕವಾಗಿ ತಿಳಿಸುತ್ತೇನೆ.

ವೈಶಾಖದ ಆ ಬೆಳಗ್ಗೆ ನನ್ನ ಹೆಂಡತಿ ದೊಡ್ಡಗಂಗಮ್ಮ, ಮೋಟಾರು ಹತ್ತಿದರೆ ವಾಂತಿಯಾಗುತ್ತದೆಂದು, ಮದುವೆಗಂಡನ್ನೂ ನೆಂಟರನ್ನೂ ಕರೆದುಕೊಂಡು ಎತ್ತಿನ ಗಾಡಿಗಳಲ್ಲಿ ಮುಂದೆ ಹೋದಳು. ನಾನು ಮಾತ್ರ ವೀಳ್ಯದೆಲೆ, ಬಾಳೆಹಣ್ಣಿನ ಬುಟ್ಟಿಗಳ ಜೊತೆ ತಮ್ಮ ಆಶ್ರಯಕ್ಕೆ ಬಂದೆ. ತಮ್ಮ ವಾಹನವು ಹಿಂದೆ ಗಣಿಯ ದೊರೆಯೊಬ್ಬರದಾಗಿದ್ದು, ದೊರೆಗಳ ಮಾತು ಡ್ರೈವರನ ಕಿವಿಗೆ ಬೀಳಬಾರದೆಂದು ನಡುವೆ ಗಾಜಿನ ಗೋಡೆ ಇಟ್ಟಿರುವುದನ್ನು ಕಂಡು ನನಗೂ ಒಂದಿಷ್ಟು ಗತ್ತು ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಬಲಗಡೆಯ ತಮ್ಮ ಸಹೋದರರು ತಿರುವುಗಳಲ್ಲಿ ತಾವಾಗಿಯೇ ತೆರೆದುಕೊಂಡು ಪ್ರಯಾಣಿಕರನ್ನು ರಸ್ತೆಗೆ ಇಳಿಸುತ್ತಿದ್ದ ಉದಾರಿಗಳಾದ್ದರಿಂದ, ಅವರನ್ನು ಗಾಜುಸಮೇತ ತಗಡಿನ ಪಟ್ಟಿ ಬಡಿದು ಕಾಯಂ ಆಗಿ ಮುಚ್ಚಿದ್ದರು. ಹೀಗಾಗಿ ಹೊರಗಿನ ಪ್ರಪಂಚಕ್ಕೂ ನನಗೂ ತಾವೊಬ್ಬರೇ ದಾರಿ.

ಡ್ರೈವರ್ ಆಂಜಿನಪ್ಪ ಹಿಂದಿನ ದಿನವೇ ತಮ್ಮ ಚಿಲಕಕ್ಕೂ ಗಾಜಿನ ಸಂದಿಗೂ ಧಾರಾಳವಾಗಿ ಹರಳೆಣ್ಣೆ ಕುಡಿಸಿದ್ದ. ಆ ಎಣ್ಣೆ ದಾರಿಯ ಧೂಳನ್ನೆಲ್ಲ ಕುಡಿದು, ದೇವರಾಯಸಮುದ್ರದ ಕೆರೆ ಏರಿ ದಾಟುವ ಹೊತ್ತಿಗೆ ಒಳ್ಳೆಯ ಅಂಟಾಗಿತ್ತು. ಚಪ್ಪರದ ಮುಂದೆ ಮೋಟಾರು ನಿಲ್ಲಿಸಿ, ಇಂಜಿನ್ ಆರಿಸಿದರೆ ಮತ್ತೆ ತಳ್ಳಬೇಕಾಗುತ್ತದೆಂದು ಅದನ್ನು ಹಾಗೆಯೇ ಗುಡುಗಲು ಬಿಟ್ಟು, ಆಂಜಿನಪ್ಪ ಉಪ್ಪಿಟ್ಟಿನ ವಾಸನೆ ಹಿಡಿದು ಅಡಿಗೆಯವರ ಕಡೆಗೆ ಹೊರಟುಹೋದ. ನಾನು ಚಿಲಕ ಎಳೆದೆ, ತಾವು ಕದಲಲಿಲ್ಲ. ಹೊರಗಿನಿಂದ ಯಾರಾದರೂ ಎಳೆಯಲೆಂದು ಕಾದರೆ, ಮುನಿಸಿಕೊಂಡ ಬೀಗರ ಬಾಗಿಲಿಗೆ ಕೈಹಾಕುವುದು ಮರ್ಯಾದೆಯಲ್ಲವೆಂದು ಎಲ್ಲರೂ ಮಾರು ದೂರ ನಿಂತರು. ಗಾಜನ್ನಾದರೂ ಇಳಿಸೋಣವೆಂದು ಹಿಡಿ ತಿರುಗಿಸಿದರೆ ಹಿಡಿಯೇ ಕಿತ್ತು ಕೈಗೆ ಬಂತು.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆನೇ ಹೊರತು ಕಿವಿಯಾರೆ ಕೇಳಲಿಲ್ಲ. ಇಂಜಿನ್ನಿನ ಗುಡುಗು, ವಾಲಗದವರ ಅಬ್ಬರ, ನಡುವೆ ತಮ್ಮ ಭದ್ರವಾದ ಗಾಜು. ಮಾತುಗಳನ್ನೆಲ್ಲ ಆಮೇಲೆ ದೊಡ್ಡಗಂಗಮ್ಮ ಹೇಳಿದಳು, ಈಗಲೂ ಬೇಡವೆಂದರೂ ಹೇಳುತ್ತಾಳೆ. “ಶೇಕ್ದಾರ್ರು ಅಲಕ ಮಾಡ್ಕೊಂಡವ್ರೆ ಕಣೋ!” ಎಂದು ಯಾರೋ ಕೂಗಿದ್ದೇ ತಡ, ಪಾಪ, ಮುನಿಕೃಷ್ಣಪ್ಪನವರ ಮುಖ ಸುಣ್ಣದಂತಾಯಿತು. ಅವರು ಓಡಿ ಬಂದು ಬೆರಳಿನ ಉಂಗುರ ತೋರಿಸಿದರು. ನಾನು ಬೇಡವೆಂದು ತಲೆಯಾಡಿಸಿದೆ. ಅದು ಸಾಲದೆಂದು ತಿಳಿದು, ಕೊಂಬಿಗೆ ಅರಿಸಿನ ಹಚ್ಚಿದ ಎಮ್ಮೆಯೊಂದನ್ನು ಹಿಡಿದು ತಂದು ಗಾಜಿಗೆ ಮೂತಿ ತಾಗುವಂತೆ ನಿಲ್ಲಿಸಿದರು. ನಾನೂ ಎಮ್ಮೆಯೂ ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡಿದೆವು, ನನ್ನ ಕಷ್ಟ ಅದಕ್ಕೆ ಅರ್ಥವಾದಂತೆ ಕಂಡಿತು. ಮನುಷ್ಯರಿಗೂ ಅರ್ಥವಾಗಲೆಂದು ನಾನು ಕಿತ್ತುಬಂದ ಹಿಡಿಯನ್ನು ಮೇಲೆತ್ತಿ ಗಾಳಿಯಲ್ಲಿ ಗರಗರ ತಿರುಗಿಸಿ ತೋರಿಸಿದೆ.

“ಗ್ರಾಮಫೋನ್ ಕೇಳ್ತಾವ್ರೆ! ಹಿಡಿ ಮನೆಯಿಂದ್ಲೇ ತಂದವ್ರೆ, ಪೆಟ್ಟಿಗೆ ಮಾತ್ರ ನಾವ್ ಕೊಡ್ಬೇಕಂತೆ!” ಎಂದರಂತೆ ಜನ. ಮುನಿಕೃಷ್ಣಪ್ಪನವರು ಎದೆ ಮುಟ್ಟಿಕೊಂಡು, ಆಗಲಿ, ಅದನ್ನೂ ಕೊಡುತ್ತೇನೆಂದು ಎಲ್ಲರ ಮುಂದೆ ಮಾತು ಕೊಟ್ಟರಂತೆ. ನನ್ನ ಕಷ್ಟ ಅವರಿಗೆ ತಿಳಿಯಿತೆಂದು ನಾನು ಸಂತೋಷದಿಂದ ಕೈಮುಗಿದೆ.

ಆಗ ಬಾಸಿಂಗ ಕಟ್ಟಿಕೊಂಡಿದ್ದ ಶಾಮಲಮ್ಮನೇ ಚಪ್ಪರದಿಂದ ಇಳಿದು ಬಂದು ತಮ್ಮ ಎದುರು ನಿಂತಳು. ಹುಡುಗಿ ಯೋಗಕ್ಷೇಮ ವಿಚಾರಿಸುತ್ತಿದ್ದಾಳೆಂದು ನಾನು ತಿಳಿದೆ. “ನಿಮಗೆ ಸೊಸೆ ಬೇಡ, ಗ್ರಾಮಫೋನ್ ಸಾಕು, ಅಲ್ವಾ ಮಾವ?” ಎಂದಳಂತೆ. ನಾನು ನಗುತ್ತ ಹೌದೆಂದು ತಲೆಯಾಡಿಸಿದೆ. “ಹಂಗಾದ್ರೆ ನಾನು ಬಾಸಿಂಗ ಬಿಚ್ಚಿ ಹೋಗ್ತೀನಿ, ಆಯ್ತಾ?” ಎಂದಳಂತೆ. ನಾನು ಎರಡೂ ಕೈಯೆತ್ತಿ ಆಶೀರ್ವಾದ ಮಾಡಿದೆ. ವಾಲಗದವರೂ ಊದುವುದನ್ನು ನಿಲ್ಲಿಸಿದರು, ಮದುವೆ ಮುರಿದೇ ಹೋಯಿತೆಂದು ನನ್ನ ಮಗ ಕುಸಿದು ಕುಳಿತ. ಅವಳು ಸಿಟ್ಟು ತಡೆಯಲಾರದೆ ತಮ್ಮ ಕೆನ್ನೆಗೆ ಬಳೆ ಝಣ್ಣೆನ್ನುವಂತೆ ಒಂದು ಏಟು ಕೊಟ್ಟಳು. ಆ ಏಟಿಗೆ ತಮ್ಮ ಗಾಜು ದಡ್ಡೆಂದು ಸಂದಿಯೊಳಕ್ಕೆ ಇಳಿದುಬಿತ್ತು. “ಬಾಗಿಲು ಬರ್ತಿಲ್ಲ ಕಣಮ್ಮಾ! ಹಿಡಿ ಕಿತ್ತು ಕೈಗೆ ಬಂತು!” ಎಂದು ಅಷ್ಟು ಹೊತ್ತಿನಿಂದ ಒದರುತ್ತಿದ್ದ ನನ್ನ ದನಿ ಕೊನೆಗೂ ಊರಿಗೆ ಕೇಳಿಸಿತು.

ನನ್ನನ್ನು ಕಿಟಕಿಯಿಂದ ಎಳೆದು ತೆಗೆದರು. ಬೀಗರು ಎರಡೂ ತೋಳು ಹಿಡಿದರು, ಪೇಟ ಒಳಗೇ ಉಳಿಯಿತು. ಅಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬೇಕಿರಲಿಲ್ಲ. ಉಪ್ಪಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದ ಆಂಜಿನಪ್ಪ, ವಿಷಯ ಕೇಳಿ, ತಮಗೆ ಹೆಗಲು ಕೊಟ್ಟು ಒಂದಿಷ್ಟು ಮೇಲೆತ್ತಿ ಹೊರಗಿನ ಚಿಲಕ ತಿರುಗಿಸಿದ. ತಾವು ನಾಚಿಕೆಯೇ ಇಲ್ಲದೆ, ಅಷ್ಟು ಜನರ ಕಣ್ಣೆದುರು, ಬೆಣ್ಣೆಯಂತೆ ತೆರೆದುಕೊಂಡಿರಿ. ಕೊರಳಿಗೆ ತಾಳಿಯೇನೋ ಬಿತ್ತು, ಆದರೆ ಎಲ್ಲರೂ ನನ್ನ ಕಡೆ ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ.

ಸಾಲದ್ದಕ್ಕೆ ತನ್ನ ಮೋಟಾರಿಗೆ ಕೆಟ್ಟ ಹೆಸರು ಬಂತೆಂದು ಆಂಜಿನಪ್ಪ ತಮ್ಮ ಒಳಮೈ ಬಿಚ್ಚಿ, ಅಂಟನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಜೋತುಬಿದ್ದ ಕೀಲಿಗೆ ಹಿತ್ತಾಳೆಯ ಬಿಲ್ಲೆ ಕೊಟ್ಟು, ಗಾಜಿನ ಸಂದಿಗೆ ಮೇಣದಬತ್ತಿ ಉಜ್ಜಿ, ಕಮ್ಮಾರನಿಂದ ಹೊಸ ಹಿಡಿ ಮಾಡಿಸಿ ಹಾಕಿದ. ಈಗ ಸಂತೆಗೆ ಬಂದವರೆಲ್ಲ ತಮ್ಮನ್ನೊಮ್ಮೆ ತೆಗೆದು, ಹಾಕಿ, “ಇದಾ ಬರ್ಲಿಲ್ಲ ಅಂದಿದ್ದು ಶೇಕ್ದಾರ್ರು?” ಎಂದು ನಕ್ಕು ಹೋಗುತ್ತಾರೆ. ಅತ್ತ ಮುನಿಕೃಷ್ಣಪ್ಪನವರು ಆ ಎಮ್ಮೆಯನ್ನೇ ಮಾರಿ, ಕೋಲಾರದಿಂದ ಗ್ರಾಮಫೋನ್ ತರಿಸಿ, ನಾನೆಷ್ಟು ಬೇಡವೆಂದರೂ ಕೇಳದೆ ನಮ್ಮ ಪಡಸಾಲೆಯಲ್ಲಿ ಇಟ್ಟುಹೋದರು. ನನ್ನ ಮಾತನ್ನು ನಂಬಿದವಳು ಸೊಸೆಯೊಬ್ಬಳೇ. ಅವಳು ಹೇಳಿದರೆ, ಸೇರಿದ ಮನೆಯ ಮಾನ ಕಾಯುತ್ತಿದ್ದಾಳೆಂದು ಅವಳ ತಂದೆಯೇ ನಂಬಲಿಲ್ಲ. ವಾರಕ್ಕೊಂದು ಸಲವಾದರೂ, ಅಮಲ್ದಾರರಂಥ ದೊಡ್ಡವರು ಒಳಗಿರುವಾಗ ನೋಡಿ, ದಯಮಾಡಿ ಸಿಕ್ಕಿಕೊಳ್ಳಬೇಕೆಂದು ನಾನು ತಮ್ಮಲ್ಲಿ ಬೇಡಿಕೊಳ್ಳಲು ಹೊರಟಿದ್ದೆ.

ಅಷ್ಟರಲ್ಲಿ ಆಷಾಢ ಬಂತು. ಸೊಸೆಯನ್ನು ತವರಿಗೆ ಬಿಟ್ಟು, ಗ್ರಾಮಫೋನನ್ನೂ ಹಿಂದಿರುಗಿಸೋಣವೆಂದು ಮತ್ತೆ ತಮ್ಮಲ್ಲೇ ಬಂದೆವು. ಶಾಮಲಮ್ಮ ತಮ್ಮ ಪಕ್ಕದಲ್ಲಿ, ಆಚೆಗೆ ನಾನು, ತೊಡೆಯ ಮೇಲೆ ಪೆಟ್ಟಿಗೆ. ಈ ಸಲ ಇಂಜಿನ್ನೂ ಆರಿ ಮೋಟಾರು ನಿಂತದ್ದನ್ನು ಕಂಡ ಮುನಿಕೃಷ್ಣಪ್ಪನವರು ಮನೆಯೊಳಗಿಂದ ಓಡಿ ಬಂದು, ಕೈಮುಗಿದು, “ಇನ್ನೇನು ಬೇಕು ಸ್ವಾಮಿ?” ಎಂದರು. ಆ ಮುಗಿದ ಕೈಗಳನ್ನು ನೋಡಿ ನನಗೆ ಅಳು ಬಂತು, ಮಾನ್ಯರೇ. ನನ್ನ ಬೀಗರು ನನಗೆ ಹೆದರುತ್ತಿದ್ದರು.

ಶಾಮಲಮ್ಮ ಹೊಸ ಹಿಡಿಯಿಂದ ಗಾಜನ್ನು ಸರ್ರನೆ ಮೇಲಕ್ಕೇರಿಸಿದಳು, ಸೆರಗನ್ನು ಮುಂದಕ್ಕೆಳೆದುಕೊಂಡಳು, “ಅಪ್ಪಾ, ಬಾಗಿಲು ಬರ್ತಿಲ್ಲ, ಎಳಿ!” ಎಂದು ಕೂಗಿದಳು. ಮುನಿಕೃಷ್ಣಪ್ಪನವರು ಎಳೆದರು. ಬೀದಿಯವರು ಬಂದು ಎಳೆದರು. ಆಂಜಿನಪ್ಪ ಹೆಗಲು ಕೊಟ್ಟು ಎತ್ತಿ, ಕಾಲು ಕೊಟ್ಟು ಒದ್ದು, ಬೆವರಿ ನೀರಾದ. ಸೆರಗಿನ ಮರೆಯಲ್ಲಿ ನನ್ನ ಸೊಸೆ ಎರಡೂ ಕೈಯಿಂದ ಒಳಚಿಲಕವನ್ನು ಅಮುಕಿ ಹಿಡಿದು, ಹಲ್ಲು ಕಚ್ಚಿಕೊಂಡಿದ್ದಳು. “ಅಯ್ಯೋ ದೇವ್ರೇ, ಅವತ್ತೂ ಹಿಂಗೇ ಆಗಿತ್ತಾ ಸ್ವಾಮಿ? ನಾನು ಏನೇನೋ ತಿಳ್ಕೊಂಡ್ನಲ್ಲಾ!” ಎಂದು ಬೀಗರು ಹೊರಗಿನಿಂದ ಕೂಗಿದಾಗ ಮಾತ್ರ ಅವಳು ಕೈ ಬಿಟ್ಟಳು. ತಾವು ಫಟ್ಟನೆ ತೆರೆದಿರಿ, ಮುನಿಕೃಷ್ಣಪ್ಪನವರು ಧೂಳಿನಲ್ಲಿ ಹಿಂದಕ್ಕೆ ಕುಕ್ಕರಿಸಿ ಬಿದ್ದರು, ಬಿದ್ದಲ್ಲೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಇಳಿದು ಅವರ ಪಕ್ಕದಲ್ಲೇ ಕುಳಿತುಬಿಟ್ಟೆ.

ಅಂದಿನಿಂದ ಆಂಜಿನಪ್ಪ ತಮ್ಮನ್ನು ಮತ್ತೆ ಬಿಚ್ಚಿ, ಇಲ್ಲದ ದೋಷವನ್ನು ಅನ್ನ ನೀರು ಬಿಟ್ಟು ಹುಡುಕುತ್ತಿದ್ದಾನೆಂದು ಕೇಳಿ ಬಹಳ ನೊಂದಿದ್ದೇನೆ. ಅವನ ಸಮಾಧಾನಕ್ಕಾಗಿ ತಾವು ಯಾವುದಾದರೊಂದು ಸಣ್ಣ ದೋಷವನ್ನು ಹೊಸದಾಗಿ ಹುಟ್ಟಿಸಿಕೊಡಬೇಕೆಂದೂ, ಮಾಡದ ತಪ್ಪನ್ನು ದೊಡ್ಡ ಮನಸ್ಸಿನಿಂದ ಹೊರಬೇಕೆಂದೂ ಪ್ರಾರ್ಥಿಸುತ್ತೇನೆ.

ಒಳಗಿದ್ದಾಗಲೂ ಹೊರಗಿದ್ದಾಗಲೂ ತಮ್ಮ ವಿಶ್ವಾಸಿ,
ವೆಂಕಟರಾಯಪ್ಪ

ತಾ.ಕ.: ಈ ಪತ್ರ ಬಹಿರಂಗವಾದರೆ ಬೀಗರಿಗೆ ಗುಟ್ಟು ತಿಳಿಯುವುದಿಲ್ಲವೇ ಎಂದು ತಾವು ಚಿಂತಿಸಬೇಕಾಗಿಲ್ಲ. ಮುನಿಕೃಷ್ಣಪ್ಪನವರಿಗೆ ಓದಲು ಬರುವುದು ತೆಲುಗು ಮಾತ್ರ. ಕನ್ನಡದ ಕಾಗದ ಬಂದರೆ ಅವರಿಗೆ ಓದಿ ಹೇಳುವವಳು ಶಾಮಲಮ್ಮ. ಎಷ್ಟು ಓದಬೇಕು, ಎಷ್ಟು ಬಿಡಬೇಕೆಂಬುದು ಅವಳಿಗೆ ತಮಗಿಂತಲೂ, ನನಗಿಂತಲೂ ಚೆನ್ನಾಗಿ ಗೊತ್ತು.