ಕೊಂಡಿಗೆ ಏನನ್ನೂ ತಗುಲಿಸತಕ್ಕದ್ದಲ್ಲ

ವಿದ್ಯುತ್ ಕಾರಿನ ಹಿಂಬದಿಗೆ ಕೊಂಡಿ ಇರುವುದು ಎಳೆಯುವುದಕ್ಕಲ್ಲ, ಇರುವುದಕ್ಕೆ. ಇದು ಕಂಪನಿಯ ನಿಯಮ. ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ಗಾಡಿ ದರ್ಜಿಯಮ್ಮನಿಗೆ ಈ ವಿಷಯ ತಿಳಿದದ್ದು ಕಾರು ಕೊಂಡಮೇಲೆ. ಮೊದಲೇ ಕೇಳದಿದ್ದದ್ದು ಆಕೆಯದೇ ತಪ್ಪೆಂದು ಕಂಪನಿ ಬಹಳ ಸೌಜನ್ಯದಿಂದ ತಿಳಿಸಿತು.

ದರ್ಜಿಯಮ್ಮನ ಅಂಗಡಿ ಗಾಲಿಗಳ ಮೇಲಿತ್ತು. ಉದ್ದನೆಯ ಟ್ರೇಲರ್, ಮೇಲೊಂದು ಕ್ಯಾನ್ವಾಸ್ ಡೇರೆ, ಒಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು. ಕಾರ್ಖಾನೆ ಗೇಟಿನ ಎದುರಿನ ಜಾಗ ಆಕೆಯದು. ಹರಿದ ಸಮವಸ್ತ್ರ, ಕಿತ್ತ ಜಿಪ್ಪು, ಹೊಟ್ಟೆ ಬಂದವರ ಪ್ಯಾಂಟು ಎಲ್ಲಕ್ಕೂ ಅಲ್ಲೇ ಪರಿಹಾರ. ಆ ಗೇಟಿನದೊಂದು ಪದ್ಧತಿ ಇತ್ತು: ಸೋಮವಾರ ಬೆಳಗಿನ ಸೈರನ್ ಕೂಗುವಾಗ ಯಾರ ಅಂಗಡಿ ಅಲ್ಲಿ ನಿಂತಿರುತ್ತದೋ ಜಾಗ ಅವರದು. ಒಮ್ಮೆ ಬಿಟ್ಟವರಿಗೆ ಅದು ಮತ್ತೆ ಸಿಕ್ಕಿದ್ದಿಲ್ಲ. ಟ್ರೇಲರ್ ಎಳೆಯುತ್ತಿದ್ದ ಆಕೆಯ ಹಳೇ ವ್ಯಾನು ಕೆಟ್ಟು ಕೂತ ಸುದ್ದಿ ಕೇಳಿದ ಚಪ್ಪಲಿ ರಿಪೇರಿಯವನು ಆಗಲೇ ಬಂದು ಜಾಗವನ್ನು ಹೆಜ್ಜೆಯಲ್ಲಿ ಅಳೆದು ಹೋಗಿದ್ದ. ಆ ಜಾಗ ಹೋದರೆ ಹೊಟ್ಟೆಪಾಡೂ ಹೋಯಿತೆಂದು ಹೆದರಿಯೇ ದರ್ಜಿಯಮ್ಮ ಇದ್ದಬದ್ದದ್ದನ್ನೆಲ್ಲ ಸುರಿದು, ಕಾರೂ ಅಲ್ಲದ ಜೀಪೂ ಅಲ್ಲದ ಆ ಎತ್ತರದ ವಿದ್ಯುತ್ ಕ್ರಾಸ್‌ಓವರ್ ಕೊಂಡಿದ್ದಳು.

ಷೋರೂಮಿನ ಮಾರಾಟಗಾರ ಮಖಮಲ್ಲಿನ ತಟ್ಟೆಯಲ್ಲಿ ಕೊಂಡಿಗಳನ್ನು ತಂದಿಟ್ಟ.

"ಇದು ಸ್ಥಿರ ಕೊಂಡಿ. ಇದು ಕಳಚೋ ಕೊಂಡಿ. ಇದು ಗುಂಡಿ ಒತ್ತಿದ್ರೆ ಒಳಗೆ ಅಡಗಿಕೊಳ್ಳುತ್ತೆ ಮೇಡಂ, ಮರ್ಯಾದಸ್ಥರು ಇದನ್ನೇ ತಗೊಳ್ಳೋದು."

"ಯಾವುದು ಚೆನ್ನಾಗಿ ಎಳೆಯುತ್ತೆ?"

ಮಾರಾಟಗಾರ ಆಚೀಚೆ ನೋಡಿ ದನಿ ತಗ್ಗಿಸಿದ. "ಎಳೆಯೋ ಮಾತು ಇಲ್ಲಿ ಆಡಬೇಡಿ. ಕೊಂಡಿಗೆ ಏನಾದ್ರೂ ತಗುಲಿಸಿದ್ರೆ ವಾರಂಟಿ ಹೋಗುತ್ತೆ."

"ಮತ್ತೆ ಕೊಂಡಿ ಯಾಕಪ್ಪ?"

"ಕೊಂಡಿಯೇ ಇಲ್ಲ ಅಂತ ಜನ ಆಡಿಕೊಳ್ಳಬಾರದಲ್ಲ, ಅದಕ್ಕೆ. ಎಳೆದೇ ತೀರಬೇಕು ಅಂದ್ರೆ ಜೋಡಣಾ ಅನುಮೋದನಾ ಕಚೇರಿಗೆ ಹೋಗಿ ಒಪ್ಪಿಗೆ ತನ್ನಿ."

ಜೊತೆಗೆ ಬಂದಿದ್ದ ಸೋದರಮಾವ ಮೂಲೆಯ ಸೋಫಾದಲ್ಲಿ ಷೋರೂಮಿನ ಉಚಿತ ಕಾಫಿ ಕುಡಿಯುತ್ತಿದ್ದ. ಅವನದೊಂದು ಓಬೀರಾಯನ ಕಾಲದ ಟ್ರ್ಯಾಕ್ಟರ್ ಇತ್ತು. "ನಾನೇ ಎಳ್ಕೊಂಡು ಹೋಗ್ಲಾ ಪುಟ್ಟಿ?" ಎಂದ.

"ಸುಮ್ನಿರು ಮಾವ. ಹೊಸ ಕಾರು ಬಾಗಿಲಲ್ಲಿ ನಿಲ್ಲಿಸಿ ಟ್ರ್ಯಾಕ್ಟರ್ ಹಿಂದೆ ಹೋದ್ರೆ ನೋಡಿದೋರು ಏನಂತಾರೆ?"

ಮಾವ ಇನ್ನೊಂದು ಕಾಫಿ ಕೇಳಿದ. ದರ್ಜಿಯಮ್ಮ ಅಡಗಿಕೊಳ್ಳುವ ಕೊಂಡಿಯನ್ನೇ ಹಾಕಿಸಿಕೊಂಡಳು.

ಶನಿವಾರ ಅನುಮೋದನಾ ಕಚೇರಿಯಲ್ಲಿ ಪರೀಕ್ಷಾಧಿಕಾರಿ ಆಕೆಯ ಅಹವಾಲನ್ನು ಪೂರ್ತಿ ಕೇಳಿದರು.

"ಟ್ರೇಲರ್ ತನ್ನಿ, ನಮ್ಮ ಅಂಗಳದಲ್ಲಿ ಎಳೆದು ತೋರಿಸಿ, ಒಪ್ಪಿಗೆ ಕೊಡ್ತೀವಿ."

"ಈಗಲೇ ಕಾರಿಗೆ ಕಟ್ಟಿಕೊಂಡು ಬರ್ತೀನಿ ಸಾರ್."

"ಒಪ್ಪಿಗೆ ಇಲ್ಲದೆ ಕಟ್ಟೋದು ಅಪರಾಧ ಅಮ್ಮ."

"ಕಟ್ಟದೆ ಹೇಗೆ ತರಲಿ?"

"ತರೋದು ನಮ್ಮ ವಿಭಾಗಕ್ಕೆ ಬರಲ್ಲ," ಎಂದರು ಅಧಿಕಾರಿ, ನಿಜವಾದ ಅನುಕಂಪದಿಂದ.

ಕೊನೆಗೆ ಟ್ರೇಲರನ್ನು ತಂದದ್ದು ಮಾವನ ಟ್ರ್ಯಾಕ್ಟರೇ. ಅದಕ್ಕೆ ವಾರಂಟಿಯೇ ಇಲ್ಲದ್ದರಿಂದ ಹೋಗುವ ಭಯವೂ ಇರಲಿಲ್ಲ.

ಪರೀಕ್ಷೆ ಶುರುವಾಯಿತು. ಅಧಿಕಾರಿಗಳು ಸಾಕು ಎನ್ನುವವರೆಗೆ ಅಂಗಳದಲ್ಲಿ ಸುತ್ತತಕ್ಕದ್ದು ಎಂದು ಗೋಡೆಯ ಮೇಲೆ ಬರೆದಿತ್ತು. ಅಧಿಕಾರಿ ಸಾಕು ಎನ್ನುವುದನ್ನು ಮರೆತು ಊಟಕ್ಕೆ ಹೋದರು. ದರ್ಜಿಯಮ್ಮ ಸುತ್ತಿದಳು, ಸುತ್ತಿದಳು, ತಲೆ ಗಿರ್ರೆಂದರೂ ಸುತ್ತಿದಳು. ಅವರು ತೇಗುತ್ತಾ ಬರುವ ಹೊತ್ತಿಗೆ ಬ್ಯಾಟರಿ ಬರಿದಾಗಿ ಕಾರು ನಡು ಅಂಗಳದಲ್ಲಿ ನಿಂತುಬಿಟ್ಟಿತ್ತು. "ಚೆನ್ನಾಗಿ ಎಳೆಯುತ್ತೆ" ಎಂದು ಅವರು ಒಪ್ಪಿಗೆಯ ಮುದ್ರೆ ಒತ್ತಿದರು. ಅಂಗಳದಲ್ಲಿ ಚಾರ್ಜರ್ ಇತ್ತು, ಆದರೆ ಅದರ ಉದ್ಘಾಟನೆ ಆಗಿರಲಿಲ್ಲವಾದ್ದರಿಂದ ಬಟ್ಟೆ ಹೊದಿಸಿದ್ದರು. ಅಷ್ಟರಲ್ಲಿ ಕಚೇರಿ ಮುಚ್ಚುವ ಹೊತ್ತಾಯಿತು. ಭಾನುವಾರ ಅಂಗಳಕ್ಕೆ ಬೀಗ.

ಸೋಮವಾರ ಬೀಗ ತೆಗೆದಾಗ ಸೈರನ್ನಿಗೆ ಹೆಚ್ಚು ಹೊತ್ತಿರಲಿಲ್ಲ.

"ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿಕೊಂಡು ಹೋಗ್ತೀವಿ ಸಾರ್, ಕಾರು ಇಲ್ಲೇ ಇರಲಿ," ಎಂದಳು ದರ್ಜಿಯಮ್ಮ.

"ಜೋಡಿಯಾಗಿ ಒಪ್ಪಿಗೆ ಪಡೆದದ್ದು ಜೋಡಿಯಾಗೇ ಹೊರಗೆ ಹೋಗಬೇಕು. ಕಾರನ್ನ ಗಾಲಿ ಮೇಲೆ ಎಳೆಯೋ ಹಾಗೂ ಇಲ್ಲ, ವಿದ್ಯುತ್ ಕಾರನ್ನ ಹೊತ್ತೇ ಒಯ್ಯಬೇಕು."

"ಯಾವುದರ ಮೇಲೆ ಹೊರಲಿ?"

ಅಧಿಕಾರಿ ಸುತ್ತ ನೋಡಿದರು. "ಇಲ್ಲೇ ಒಂದು ಅನುಮೋದಿತ ಟ್ರೇಲರ್ ಇದೆಯಲ್ಲ."

ದರ್ಜಿಯಮ್ಮನಿಗೆ ಅಳು ಬಂತು. ಅಳುತ್ತಲೇ ಡೇರೆ ಬಿಚ್ಚಿದಳು, ಮಿಷನ್ನನ್ನು ಕಾರಿನ ಡಿಕ್ಕಿಗೆ ಸೇರಿಸಿದಳು. ಕಚೇರಿಯವರೆಲ್ಲ ಕೈಹಚ್ಚಿ ಹಲಗೆಗಳ ಮೇಲೆ ಕಾರನ್ನು ದಬ್ಬಿ ಟ್ರೇಲರಿಗೆ ಏರಿಸಿದರು. ಆಕೆ ಮೂಗೊರೆಸಿಕೊಂಡು, "ಮಾವ, ಎಳಿ," ಎಂದಳು.

ಗೇಟಿನ ಎದುರು ಚಪ್ಪಲಿ ರಿಪೇರಿಯವನು ಪೆಟ್ಟಿಗೆ ಇಳಿಸಲು ಬಗ್ಗಿದ್ದ. ಟ್ರ್ಯಾಕ್ಟರ್ ಬಂತು, ಅದರ ಹಿಂದೆ ಟ್ರೇಲರ್ ಬಂತು, ಟ್ರೇಲರಿನ ಮೇಲೆ ಕಾರು ಬಂತು. ದರ್ಜಿಯಮ್ಮ ಡಿಕ್ಕಿಯ ಬಾಗಿಲೆತ್ತಿ, ಅದರ ನೆರಳಲ್ಲಿ ಕೂತು, ಮಿಷನ್ ತುಳಿಯತೊಡಗಿದಳು. ಸೈರನ್ ಕೂಗಿತು. ಅಂಗಡಿ ನಿಂತಿದೆಯೇ ಎಂದು ಗೇಟಿನ ಕಾವಲುಗಾರ ಸುತ್ತು ಹಾಕಿ ನೋಡಿದ. ನಿಲ್ಲುವ ವಿಷಯದಲ್ಲಿ ಆ ಕಾರಿನಷ್ಟು ಖಾತ್ರಿಯಾದದ್ದು ಆ ಬೀದಿಯಲ್ಲೇ ಇರಲಿಲ್ಲ. ಚಪ್ಪಲಿಯವನು ಪೆಟ್ಟಿಗೆ ಎತ್ತಿಕೊಂಡ. ಮೊದಲ ಗಿರಾಕಿ ಪ್ಯಾಂಟು ಹಿಡಿದು ಹಲಗೆ ಹತ್ತಿದ.

ವಾರ ಕಳೆಯುವುದರೊಳಗೆ ಕಂಪನಿಯ ಪ್ರಕಟಣೆ ಹೊರಬಿತ್ತು: "ನಮ್ಮ ಕಾರು ಈಗ ಚಾರ್ಜಿನ ಹಂಗಿಲ್ಲದೆ ಎಷ್ಟು ದೂರ ಬೇಕಾದರೂ ಸಾಗುತ್ತದೆ." ಕೊಂಡಿಗಳ ಹೊಸ ಕೈಪಿಡಿಯಲ್ಲಿ ಸ್ಥಿರ, ಕಳಚುವ, ಅಡಗುವ ಕೊಂಡಿಗಳ ಕೆಳಗೆ ನಾಲ್ಕನೆಯದೊಂದು ಸೇರಿತು: "ಮಾವ, ಟ್ರ್ಯಾಕ್ಟರ್ ಸಹಿತ. ಗುಂಡಿ ಒತ್ತಿದರೆ ಅಡಗುವುದಿಲ್ಲ. ಕಾಫಿ ಗ್ರಾಹಕರ ಜವಾಬ್ದಾರಿ." ಅನುಮೋದನಾ ಕಚೇರಿ ಮಾವನನ್ನು ಅಂಗಳದಲ್ಲಿ ಸುತ್ತಿಸಿ, ಅವನಿಗೂ ಒಪ್ಪಿಗೆಯ ಮುದ್ರೆ ಒತ್ತಿತು. ಬೇರೆ ಗ್ರಾಹಕರೂ ತಂತಮ್ಮ ಮಾವಂದಿರನ್ನು ಕರೆತರತೊಡಗಿದರು.

ಒಂದು ಮಧ್ಯಾಹ್ನ ಟ್ರ್ಯಾಕ್ಟರಿನ ನೆರಳಲ್ಲಿ ಕೂತಿದ್ದ ಮಾವ ಕೇಳಿದ. "ಪುಟ್ಟಿ, ಆ ಚಾರ್ಜರ್ ಉದ್ಘಾಟನೆ ಆಯ್ತಂತೆ. ಕಾರನ್ನ ಚಾರ್ಜ್ ಮಾಡಿಸಿಬಿಡೋಣ್ವಾ?"

ದರ್ಜಿಯಮ್ಮ ಹಲ್ಲಲ್ಲಿ ದಾರ ಕಡಿದಳು. "ಸುಮ್ನಿರು ಮಾವ. ಚಾರ್ಜ್ ಮಾಡಿದ್ರೆ ಓಡುತ್ತೆ. ಓಡಿದ್ರೆ ಜಾಗ ಹೋಗುತ್ತೆ."

ಮಾವನಿಗೂ ಅದು ಸರಿಯೆನಿಸಿತು.