ಹನ್ನೆರಡು ತಪ್ಪು, ಮೂವತ್ತು ಖಾಲಿ ಮನೆ

ಶಿಕಾರಿಪುರದಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದ ನಾನು, ನಿವೃತ್ತನಾದ ಮೇಲೆ ಒಂದು ಘನಘೋರ ಪ್ರತಿಜ್ಞೆ ಮಾಡಿದೆ. ಪ್ರಾಧ್ಯಾಪಕರೊಬ್ಬರು ರೇಖೀಯ ಬೀಜಗಣಿತದ ಕನ್ನಡ ಪಠ್ಯಪುಸ್ತಕವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಓದಲು ಇಟ್ಟಿದ್ದಾರೆ. ತಪ್ಪು ಹುಡುಕಿ ಕಳಿಸಿದವರ ಹೆಸರನ್ನು, ಯಾರು ಎಷ್ಟು ಹುಡುಕಿದರು ಎಂಬ ಲೆಕ್ಕದ ಸಮೇತ, ಕೊನೆಯ ಪುಟದಲ್ಲಿ ಹಾಕುತ್ತಾರೆ. ಆ ಪಟ್ಟಿಯ ನೆತ್ತಿಯ ಮೇಲೆ ನನ್ನ ಹೆಸರು ಕೂರಬೇಕು! ಇದೇ ಪ್ರತಿಜ್ಞೆ.

ಕಾರಣ ಗಣಿತಪ್ರೇಮ ಎಂದು ಕಂಡವರಿಗೆಲ್ಲ ಹೇಳಿದೆ. ನಿಜವಾದ ಕಾರಣವೆಂದರೆ, ಸದ್ಯ ಅಲ್ಲಿ ಕೂತಿದ್ದವನು ನನ್ನ ಹೆಂಡತಿಯ ತಮ್ಮ, ಸೊರಬದ ಕಡೆ ಉಳವಿಯ ಶಿವರಾಮ. ಅವನೂ ಗಣಿತದ ಮೇಷ್ಟ್ರೇ. ಹನ್ನೊಂದು ತಪ್ಪು ಹುಡುಕಿದ್ದ. ಅಂದಿನಿಂದ ನನ್ನ ಹೆಂಡತಿ ವನಜ, ಹನ್ನೊಂದು ಎಂಬ ಸಂಖ್ಯೆಯನ್ನು ಹೇಗಾದರೂ ದಿನಕ್ಕೊಮ್ಮೆ ಮಾತಿನೊಳಗೆ ತರುತ್ತಿದ್ದಳು.

ಪುಸ್ತಕವನ್ನು ಪ್ರಿಂಟ್ ಹಾಕಿಸಿ, ಕೆಂಪು ಪೆನ್ನು ಹಿಡಿದು ಕೂತೆ. ಊಟ ಆರಿತು, ಹಾಲು ಉಕ್ಕಿತು, ಗ್ಯಾಸ್ ತಂದವನು ಬೆಲ್ ಒತ್ತಿ ಒತ್ತಿ ವಾಪಸ್ ಹೋದ. ನಾನು ಜಗ್ಗಲಿಲ್ಲ! ಇಪ್ಪತ್ತು ದಿನಕ್ಕೆ ಹನ್ನೆರಡು ತಪ್ಪು ಸಿಕ್ಕವು. ಹದಿಮೂರನೆಯದನ್ನು ಹುಡುಕಲಿಲ್ಲ. ಭಾವಮೈದುನನನ್ನು ಒಂದೇ ಒಂದರಲ್ಲಿ ಸೋಲಿಸುವ ಸುಖವೇ ಬೇರೆ.

ತಿದ್ದಿದ ಹಾಳೆಗಳ ಫೋಟೊ ತೆಗೆದು ಪ್ರಾಧ್ಯಾಪಕರಿಗೆ ಕಳಿಸಬೇಕಿತ್ತು. ನಾನು ತೆಗೆದರೆ ಕೈ ನಡುಗಿ, ಅಂಕಿಗಳೆಲ್ಲ ಬಸ್ಸು ಹಿಡಿಯಲು ಓಡುವವರ ಹಾಗೆ ಬರುತ್ತವೆ. ಆ ಕೆಲಸವನ್ನು ವನಜಳಿಗೆ ಒಪ್ಪಿಸಿ, ಶಿವರಾಮನಿಗೆ ಫೋನ್ ಮಾಡಿ, ಹನ್ನೆರಡು ಎಂದು ಎರಡು ಸಲ ಹೇಳಿದೆ.

ನಾಲ್ಕನೇ ದಿನ ಉತ್ತರ ಬಂತು. ಹನ್ನೆರಡೂ ಸರಿಯಂತೆ. ಆದರೆ ಅರವತ್ತನೇ ಪುಟದಲ್ಲಿ ನಾನು ಹೊಸದಾಗಿ ಸೇರಿಸಿದ ಮೂವತ್ತು ಅಂಕಿಗಳು ಮಾತ್ರ ಅರ್ಥವಾಗಲಿಲ್ಲವಂತೆ, ದಯಮಾಡಿ ವಿವರಿಸಬೇಕಂತೆ. ಪ್ರಾಧ್ಯಾಪಕರಿಗೇ ಅರ್ಥವಾಗದ್ದನ್ನು ನಾನು ಬರೆದಿದ್ದೇನೆ! ಹಿಗ್ಗಿನಲ್ಲಿ ಹಾಳೆಯನ್ನು ತೆಗೆದೂ ನೋಡದೆ, ಅದು ಮೂವತ್ತೊಂದು ವರ್ಷದ ಅನುಭವದಿಂದ ಹಾಕಿದ್ದು, ಒಂದನ್ನೂ ತೆಗೆಯುವಂತಿಲ್ಲ ಎಂದು ಬರೆದು ಕಳಿಸಿದೆ. ಆಮೇಲೆ ಹಾಳೆ ತೆಗೆದೆ.

ಆ ಪುಟದಲ್ಲಿ ಆರು ಅಡ್ಡಸಾಲು, ಆರು ಕಂಬಸಾಲಿನ ಒಂದು ಮಾತೃಕೆ, ಅಂದರೆ ಅಂಕಿ ತುಂಬುವ ಮನೆಗಳ ಚೌಕ. ಮೂಲೆಯಿಂದ ಮೂಲೆಗೆ ಓರೆಯಾಗಿ ಆರು ಅಂಕಿ, ಉಳಿದ ಮೂವತ್ತು ಮನೆ ಖಾಲಿ. ಖಾಲಿ ಎಂದರೆ ಸೊನ್ನೆ. ಬರೆಯುವ ಶ್ರಮವೇಕೆಂದು ಗಣಿತದವರು ಹಾಗೇ ಬಿಟ್ಟಿರುತ್ತಾರೆ. ಈಗ ಆ ಮೂವತ್ತು ಮನೆಯಲ್ಲೂ ಕೆಂಪು ಶಾಯಿಯ ‘1’ ದುಂಡಗೆ ಕೂತಿತ್ತು.

"ವನಜಾ, ಏನೇ ಇದು?"

"ಖಾಲಿ ಇತ್ತಲ್ರೀ," ಎಂದಳು ಸೊಪ್ಪು ಬಿಡಿಸುತ್ತ. "ಪಕ್ಕದ ಮನೆ ಹುಲಿಗೆಮ್ಮನ ಡಬ್ಬಿನೇ ನಾವು ಖಾಲಿ ವಾಪಸ್ ಕೊಡಲ್ಲ, ಒಂಚೂರು ಸಕ್ಕರೆನಾದ್ರೂ ಹಾಕಿ ಕೊಡ್ತೀವಿ. ಅಂಥ ದೊಡ್ಡೋರ ಹಾಳೇನ ಖಾಲಿ ಕಳ್ಸಿದ್ರೆ ಚೆನ್ನಾಗಿರುತ್ತಾ?"

"ಅದಕ್ಕೆ ಮೂವತ್ತು ಕಡೆ ತುಂಬೋದಾ?"

"ಒಂದೊಂದೇ ಹಾಕಿದೀನಿ. ಜಾಸ್ತಿ ಹಾಕಿದ್ರೆ ದೊಡ್ಡಸ್ತಿಕೆ ಅಂದ್ಕೋತಾರೆ."

ಇದನ್ನು ಪ್ರಾಧ್ಯಾಪಕರಿಗೆ ಯಾವ ಬಾಯಲ್ಲಿ ವಿವರಿಸುವುದು? ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ. ನಿಜ ಹೇಳಿದರೆ ಅದು ಹೇಗೋ ಶಿವರಾಮನ ಕಿವಿಗೆ ಬೀಳುತ್ತದೆ ಎಂಬ ಭಯ. ಅಷ್ಟು ಓದಿದವರು, ಆ ಒಂದುಗಳನ್ನು ಅವರೇ ಕೈಬಿಡುತ್ತಾರೆ ಎಂದುಕೊಂಡು ತೆಪ್ಪಗಾದೆ.

ಮುಂದಿನ ತಿಂಗಳು ಪರಿಷ್ಕೃತ ಪುಸ್ತಕ ಬಂತು. ನೇರ ಕೊನೆಯ ಪುಟಕ್ಕೆ ಹಾರಿದೆ. ಮೊದಲ ಹೆಸರು ನನ್ನದು, ಎದುರಿಗೆ ಹನ್ನೆರಡು! ವನಜಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ತೋರಿಸಿದೆ. ಸಂಜೆಯ ಹೊತ್ತಿಗೆ ಶಿವರಾಮನ ಫೋನು ಬಂತು.

"ಭಾವ, ಅರವತ್ತನೇ ಪುಟ ನೋಡಿದ್ರಾ? ಶಿಕಾರಿಪುರದ ಅನುಭವಿ ಓದುಗರೊಬ್ಬರ ಸಲಹೆಯಂತೆ ತಿದ್ದಲಾಗಿದೆ ಅಂತ ಕೆಳಗೆ ಹಾಕಿದಾರೆ. ಮೂವತ್ತೂ ತಪ್ಪು ಅಂತ ಬೆಳಿಗ್ಗೆನೇ ಬರೆದು ಕಳ್ಸಿದ್ದೆ. ಒಪ್ಕೊಂಡ್ರು. ನನ್ನ ಹನ್ನೊಂದಕ್ಕೆ ಅದೂ ಸೇರಿ ನಲವತ್ತೊಂದಾಯ್ತು."

ಫೋನ್ ಇಟ್ಟು, ನಡೆದದ್ದನ್ನು ವನಜಳಿಗೆ ಹೇಳಿದೆ. ವಿಷಯ ಕೇಳಿದ ವನಜ ಸಮಾಧಾನ ಹೇಳಿದಳು.

"ಹೋಗ್ಲಿ ಬಿಡ್ರೀ. ಹೊರಗಿನೋರ ಪಾಲಾಗ್ಲಿಲ್ಲವಲ್ಲ, ನಮ್ಮ ಶಿವರಾಮಂಗೇ ಸೇರ್ತು."