ಪಾಮ್ ಗಿಡಕ್ಕ ಕಬ್ಬಿನ ಕೊಯ್ತಾ

ಗಿಡದ ಕೆಲಸದಾಗ ನಗೂ ಪ್ರಸಂಗಕ್ಕ ಬರ ಇಲ್ಲ. ಗಿಡ ಸುಮ್ಮನ ನಿಂತಿರ್ತಾವ, ಮಂದಿ ಸುಮ್ಮನಿರೂದಿಲ್ಲ. ನಾ ಗಿಡ ಹಚ್ಚೂ ಮಾಲಿ, ಸಾಲಿ ಕಟ್ಟಿ ಹತ್ತಿದವನಲ್ಲ. ಆದ್ರ ನಾ ನೆಲಕ್ಕ ಊರಿದ್ರ ಒಣಗಿದ ಸಲಿಕಿ ಕಾವೂ ಮರುದಿನ ಚಿಗುರತಿತ್ತು. ಅದಕ್ಕ ಶೋ ಗಿಡ, ಪಾಮ್ ಗಿಡದ ಅಭ್ಯಾಸ ಮಾಡೂ ತೋಟಗಾರಿಕಿ ಸಾಹೇಬ್ರು ನಿಪ್ಪಾಣಿಯಿಂದ ಕಾಗವಾಡತನಕ ನನ್ನ ಬಿಟ್ಟು ಎಲ್ಲೂ ಹೋಗಲಿಲ್ಲ. ಅವರು ಕಲಿತವರು, ನಾ ತಿಳಿದವ.

೧. ಉಪಯೋಗ ಏನು?

ಅಥಣಿ ಕಡೆ ಒಬ್ಬ ಸಾವಕಾರ್ರ ಬಂಗ್ಲೆ ಮುಂದ ಹನ್ನೆರಡು ಬಾಟ್ಲಿ ಪಾಮ್ ಹಚ್ಚಿದ್ವಿ. ಸಾವಕಾರ್ರು ಕೇಳಿದ್ರು:

"ಹಣ್ಣು ಬಿಡ್ತಾವೇನ್ರಿ?"

"ತಿನ್ನೂವಂಥಾವಲ್ರಿ," ಅಂದ್ರು ಸಾಹೇಬ್ರು.

"ನೆರಳು?"

"ಅಷ್ಟಕ್ಕಷ್ಟ."

"ಮತ್ತೇನ್ ಮಾಡ್ತಾವ?"

"ಚಂದಾಗಿ ನಿಂತಿರ್ತಾವ್ರಿ."

"ಅದಕ್ಕ ಮನ್ಯಾಗ ಅಳಿಯ ಅದಾನಲ್ರಿ!"

೨. ಕೈಗುಣ

ಸಾಹೇಬ್ರು ತಿಂಗಳಿಗೊಮ್ಮೆ ಟೇಪ್ ಹಿಡದು ಅಳೀತಿದ್ರು. ಮೂರನೇ ಗಿಡ ಒಂದ ದಪ್ಪ ಆಗಾಕತ್ತಿತ್ತು.

"ಏನ್ ಹಾಕಿದ್ಯೋ ಇದಕ್ಕ?"

"ಏನಿಲ್ರಿ, ನನ್ನ ಕೈಗುಣ."

ಖರೇ ಅಂದ್ರ ಸಾವಕಾರ್ರ ಎಮ್ಮಿ ದಿನಾ ಅದರ ಬುಡಕ್ಕ ಕಟ್ಟಿರ್ತಿದ್ರು, ಸಗಣಿ ಗಂಜಳ ಎಲ್ಲಾ ಅಲ್ಲೇ. ಸಾಹೇಬ್ರು ಬರೂ ದಿನ ನಾನ ಬಿಚ್ಚಿ ಹಿತ್ತಲಕ್ಕ ಒಯ್ತಿದ್ದೆ. ದುಡಿಮಿ ಎಮ್ಮೀದು, ಶಾಬ್ಬಾಸ್ಕಿ ನನಗ. ದೊಡ್ಡ ಆಫೀಸಿನ್ಯಾಗೂ ಹಿಂಗ ನಡೀತೈತಂತ.

೩. ಮ್ಯಾಲಿನ ಸಾಹೇಬ್ರು

ಎಂಟು ವರ್ಷ ಆದಮ್ಯಾಲ ಮ್ಯಾಲಿನ ಸಾಹೇಬ್ರು ಗಿಡ ನೋಡಾಕ ಬರೂದು ಗೊತ್ತಾತು. ಅವರು ಮೆಚ್ಚಿದ್ರ ನಮ್ಮ ಸಾಹೇಬ್ರ ಅಭ್ಯಾಸ ಮುಂದ, ಇಲ್ಲಂದ್ರ ಅಲ್ಲಿಗೇ ಬಂದ್.

"ನಾ ಅದೀನಲ್ರಿ, ಆರಾಮಿರ್ರಿ," ಅಂದೆ. ಸಾವಕಾರ್ರಿಗೆ "ಒಣ ಗರಿ ತಗಸ್ರಿ" ಅಂತ ಹೇಳಿ, ಅಕ್ಕೋಳಕ್ಕ ತಂಗಿ ಮಗಳ ನಿಶ್ಚಯಕ್ಕ ಹೋದೆ.

ಸಾವಕಾರ್ರು ತಮ್ಮ ಹೊಲದಾಗ ಕಬ್ಬು ಕಡಿಯೂ ಗ್ಯಾಂಗನ್ನ ಕರದ್ರು. ಕೊಯ್ತಾ ಅಂದ್ರ ಕಬ್ಬು ಕಡಿಯೂ ಕತ್ತಿ; ಅವರಿಗೆ ಅದರ ಕೆಲಸ ಗೊತ್ತಿದ್ದದ್ದು ಒಂದ ನಮೂನಿ. ಏಣಿ ಹಾಕಿ, ಹನ್ನೆರಡೂ ಗಿಡದ ಸುಳಿ ಸಮೇತ ತಲಿ ಹಾರಿಸಿ, ಪೆಂಡಿ ಕಟ್ಟಿ, ಎತ್ತಿನ ಮುಂದ ಒಗದ್ರು.

ಮ್ಯಾಲಿನ ಸಾಹೇಬ್ರು ಬರೂ ದಿನ ಮುಂಜಾನೆ ನಾ ಅಕ್ಕೋಳದಿಂದ ತಿರುಗಿ ಬರೂದಕ್ಕೂ ನಮ್ಮ ಸಾಹೇಬ್ರು ಬರೂದಕ್ಕೂ ಸರಿ ಆತು; ಗಿಡ ನೋಡಿ ಅವರು ಅಲ್ಲೇ ಕುಂತಬಿಟ್ರು. "ಪಾಮಿಗೆ ಒಂದ ಸುಳಿ ಇರೂದ್ರಿ. ಕಡದ್ರ ಗಿಡಾನ ಸತ್ತಂಗ!"

ಸಾವಕಾರ್ರು ಬೆನ್ನು ಚಪ್ಪರಿಸಿದ್ರು. "ಯಾಕ ಅಂಜ್ತೀರಿ? ಬುಡಕ್ಕ ನೀರು ಬಿಟ್ಟೇನಿ. ಕಡದ ಕಬ್ಬಿನಂಗ ಬುಡದಿಂದ ಮತ್ತ ಕೂಳಿ ಚಿಗೀತಾವ."

ನಾ ಸುಮ್ಮನ ಕೂಡೂ ಪೈಕಿ ಅಲ್ಲ. ಮ್ಯಾಲಿನ ಸಾಹೇಬ್ರ ಗಾಡಿ ಬರೂದ್ರಾಗ ಹನ್ನೆರಡಕ್ಕೂ ಬುಡದಾಗ ಸುಣ್ಣ, ಕೆಮ್ಮಣ್ಣು ಬಳದು ಮದುವಿ ಹಂದರದಂಗ ಮಾಡಿದೆ.

ಮ್ಯಾಲಿನ ಸಾಹೇಬ್ರು ಇಳಿದು, ಒಂದೊಂದನ್ನೂ ಮುಟ್ಟಿ ನೋಡಿ, ನಮ್ಮ ಸಾಹೇಬ್ರ ಕೈ ಕುಲುಕಿದ್ರು:

"ಕಂಬ ಭಾಳ ಚಂದ ನಿಲ್ಲಿಸೀರಿ. ಗಿಡ ಯಾವಾಗ ಹಚ್ತೀರಿ?"